ಕಾಪಿ ಅಂತೆ, ಕಾಪಿ!

ನಿನ್ನೆಯಿಂದ ಒಳಗೊಳಗೇ ಕುದಿಯುತ್ತಿದ್ದೇನೆ. ಇಲ್ಲಿ ಕಾರಿಕೊಂಡರೆ ಸ್ವಲ್ಪ ಹಗುರಾಗಬಹುದು.

ಅಕ್ಕನ ಮಗಳ ಕಾಲೇಜಿನಲ್ಲಿ ಫೆಸ್ಟ್ ಇತ್ತು. ಅವಳು ಬ್ಯಾಂಡ್‌ನಲ್ಲಿ ಹಾಡುತ್ತಾಳೆ ಅಂತ ನಿಮಗೆ ಗೊತ್ತು, ನಾನು ಹಾಕುವ ವಿಡಿಯೊ ನೋಡಿ ನೋಡಿ ಬೇಸತ್ತವರೂ ಇದ್ದೀರಿ. ಈ ಸಲ ಹುಡುಗರು ಆರಿಸಿಕೊಂಡಿದ್ದು ಅಮೆರಿಕದ ಗಾಯಕ ಜೋಡಿ ಸಿಲ್ಕ್ ಸೋನಿಕ್‌ನ 'ಲೀವ್ ದ ಡೋರ್ ಓಪನ್'. ಎತ್ತರದ ದನಿ ಬೇಕು, ಹಿಂದೆ ಕೋರಸ್ ಹಾಡುವವರು ಒಂದು ಎಳೆ ತಪ್ಪಿದರೂ ಹಾಡೇ ಕುಸಿಯುತ್ತದೆ. ಮಕ್ಕಳು ಚೆನ್ನಾಗಿಯೇ ನಿಭಾಯಿಸಿದರು. ಆಮೇಲೆ ಜಡ್ಜ್ ಮಹಾಶಯರು ಮೈಕ್ ಹಿಡಿದು, 'ಇದರಲ್ಲಿ ಹೊಸದೇನಿದೆ? ಎಪ್ಪತ್ತರ ದಶಕದ ಕಾಪಿ. ಒರಿಜಿನಲ್ ಯಾವುದಾದರೂ ಹಾಡಬೇಕಿತ್ತು' ಅಂದರು. ಸಭಾಂಗಣದಲ್ಲಿ ಒಂದಷ್ಟು ಜನ ತಲೆಯನ್ನೂ ಆಡಿಸಿದರು.

ಯಾವ ಹಾಡಿನ ಕಾಪಿ, ಸಾರ್? ಹೆಸರು ಹೇಳಿ. ಇಷ್ಟೇ ನನ್ನ ಪ್ರಶ್ನೆ. ಅಲ್ಲೇ ಕೇಳುವವನಿದ್ದೆ. ಅಕ್ಕ ಕೈ ಹಿಡಿದು ಕೂರಿಸಿದಳು.

ಕಾಪಿ ಅಂದರೇನು ಅಂತ ನನಗೆ ಯಾರೂ ಪಾಠ ಮಾಡಬೇಕಿಲ್ಲ. ಗಣೇಶನ ಪೆಂಡಾಲ್‌ಗಳಲ್ಲಿ, ಮದುವೆಗಳಲ್ಲಿ ಆರ್ಕೆಸ್ಟ್ರಾ ಕೀಬೋರ್ಡ್ ನುಡಿಸಿ ಹೊಟ್ಟೆ ಹೊರೆದವನು ನಾನು. ಕ್ಯಾಸೆಟ್‌ನಲ್ಲಿ ಹೇಗಿದೆಯೋ ಹಾಗೇ ಬರಬೇಕು, ಕೊಳಲಿನ ಬಿಟ್ ಒಂದು ಬಿಟ್ಟುಹೋದರೂ ಕೆಳಗಿನಿಂದ ಕೂಗು ಬೀಳುತ್ತಿತ್ತು. ಅದು ಕಾಪಿ. ಅದರಲ್ಲಿ ನಾಚಿಕೆಯೂ ಇಲ್ಲ, ಅದೊಂದು ಕಸುಬು. ಆದರೆ ಒಂದು ಕಾಲದ ನಾದವನ್ನು ಪೂರ್ತಿ ಅರಗಿಸಿಕೊಂಡು, ಅದರೊಳಗೆ ಇಲ್ಲದಿದ್ದ ಹಾಡೊಂದನ್ನು ಹುಟ್ಟಿಸುವುದಿದೆಯಲ್ಲ, ಅದಕ್ಕೂ ಇದಕ್ಕೂ ಏನು ಸಂಬಂಧ?

ಹಾಡು ಗೊತ್ತಿಲ್ಲದವರಿಗೆ: 2021ರ ಮಾರ್ಚ್‌ನಲ್ಲಿ ಬಂದದ್ದು. ಹಾಡಿದವರು ಬ್ರೂನೋ ಮಾರ್ಸ್ ಮತ್ತು ಆ್ಯಂಡರ್ಸನ್ ಪಾಕ್, ಇಬ್ಬರೂ ಸೇರಿದರೆ ಸಿಲ್ಕ್ ಸೋನಿಕ್. ಏಪ್ರಿಲ್‌ನಲ್ಲಿ ಬಿಲ್‌ಬೋರ್ಡ್ ಅನ್ನುವ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. 2022ರ ಗ್ರ್ಯಾಮಿಯಲ್ಲಿ ನಾಲ್ಕು ವಿಭಾಗಗಳಿಗೆ ನಾಮನಿರ್ದೇಶನ ಆಗಿತ್ತು, ನಾಲ್ಕನ್ನೂ ಬಾಚಿಕೊಂಡಿತು. ಪ್ರಶಸ್ತಿ ಬಂದಿದ್ದಕ್ಕೆ ಹಾಡು ಒಳ್ಳೆಯದು ಅಂತ ಹೇಳುತ್ತಿಲ್ಲ, ಗ್ರ್ಯಾಮಿಯವರು ಎಂಥೆಂಥದಕ್ಕೆಲ್ಲ ಕೊಟ್ಟಿದ್ದಾರೆ.

ಈ ಹಾಡಿನ ಅಜ್ಜಿಮನೆ ಅಮೆರಿಕದ ಫಿಲಡೆಲ್ಫಿಯಾ. ಆ ಊರಿನ ಸಿಗ್ಮಾ ಸೌಂಡ್ ಸ್ಟುಡಿಯೊದಲ್ಲಿ ಎಪ್ಪತ್ತರ ದಶಕದಲ್ಲಿ ಕಪ್ಪು ಜನರ ಸೋಲ್ ಸಂಗೀತ ರೇಷ್ಮೆ ಸೀರೆ ಉಟ್ಟಿತು. ಕೆನೆತ್ ಗ್ಯಾಂಬಲ್ ಮತ್ತು ಲಿಯಾನ್ ಹಫ್ ಅನ್ನುವ ಹಾಡು ಕಟ್ಟುವ ಜೋಡಿ 1971ರಲ್ಲಿ ತಮ್ಮದೇ ರೆಕಾರ್ಡ್ ಕಂಪನಿ ಶುರು ಮಾಡಿತು. ನನ್ನ ದೇವರು ಮಾತ್ರ ಥಾಮ್ ಬೆಲ್. ಶಾಸ್ತ್ರೀಯ ಪಿಯಾನೊ ಕಲಿತ ಮನುಷ್ಯ. ಪ್ರೇಮಗೀತೆಯೊಳಗೆ ಫ್ರೆಂಚ್ ಹಾರ್ನ್, ಓಬೊ, ಪಿಟೀಲಿನ ದಂಡು, ಗಂಟೆಯಂತೆ ಟಿಣ್ ಅನ್ನುವ ಗ್ಲಾಕನ್‌ಸ್ಪೀಲ್, ಎಲ್ಲವನ್ನೂ ತಂದು ಕೂರಿಸಿದವರು. ಡೆಲ್ಫಾನಿಕ್ಸ್ ಅನ್ನುವ ಗಾಯಕರ ತಂಡಕ್ಕೆ 1968ರಲ್ಲಿ ಮಾಡಿಕೊಟ್ಟ 'ಲಾ-ಲಾ' ಹಾಡು, ಆಮೇಲೆ ಸ್ಟೈಲಿಸ್ಟಿಕ್ಸ್ ತಂಡಕ್ಕೆ ಮಾಡಿದವು, ರಾತ್ರಿ ಲೈಟ್ ಆರಿಸಿ ಕೇಳಿ. ಸ್ಟೈಲಿಸ್ಟಿಕ್ಸ್‌ನ ರಸೆಲ್ ಟಾಂಪ್ಕಿನ್ಸ್ ಕಳ್ಳದನಿಯಲ್ಲಿ ಬೇಡಿಕೊಳ್ಳುವುದು ಕೇಳಿದರೆ, ಬಾಗಿಲು ಹಾಕಿಕೊಂಡ ಹುಡುಗಿ ಯಾರೇ ಆಗಿರಲಿ, ಪಾಪ ಅನ್ನಿಸುತ್ತದೆ.

ಇನ್ನೊಂದು ಮಜಾ. ಥಾಮ್ ಬೆಲ್ ಹಾಡುಗಳಲ್ಲಿ ಜುಂಯ್ ಅಂತ ಒಂದು ತಂತಿ ಬರುತ್ತದೆ, ಅದು ಎಲೆಕ್ಟ್ರಿಕ್ ಸಿತಾರ್. ಅಂದರೆ ಗಿಟಾರ್‌ಗೆ ನಮ್ಮ ಸಿತಾರಿನ ಝೇಂಕಾರ ಬರುವ ಹಾಗೆ ಅರವತ್ತರ ದಶಕದ ಕೊನೆಗೆ ಅಮೆರಿಕದಲ್ಲಿ ಮಾಡಿದ ವಾದ್ಯ. ಸ್ಟೈಲಿಸ್ಟಿಕ್ಸ್‌ನ 'ಯೂ ಆರ್ ಎವರಿಥಿಂಗ್' ಶುರುವಾಗುವುದೇ ಅದರಿಂದ. ಜಡ್ಜ್ ಸಾಹೇಬರ ಲೆಕ್ಕದಲ್ಲಿ ಅದೂ ಕಾಪಿ, ಅಲ್ವಾ? ಒರಿಜಿನಲ್ ಹುಡುಕುತ್ತ ಹೋದರೆ ಎಲ್ಲಿಗೆ ಹೋಗಿ ಮುಟ್ಟುತ್ತೀರಿ ಸ್ವಾಮಿ?

ಸರಿ, ಸಿಲ್ಕ್ ಸೋನಿಕ್‌ನವರು ತೆಗೆದುಕೊಂಡಿದ್ದೇನು? ಆ ನಿಧಾನದ ನಡೆ. ಬಟ್ಟೆ ಹೊದಿಸಿದ ಹಾಗೆ ಗಪ್ಪೆನ್ನುವ ಡ್ರಮ್ಸ್. ಹಿಂದೆ ನಿಂತು ಉತ್ತರ ಕೊಡುವ ಕೋರಸ್. ಪಿಟೀಲು, ಟಿಣ್ ಟಿಣ್, 'ಲ ಲ ಲ' ಎಲ್ಲವೂ ಇದೆ. ಮಾತುಗಳು ಮಾತ್ರ ಬೇರೆ. ಟಾಂಪ್ಕಿನ್ಸ್ ಅಳುಮುಖದಲ್ಲಿ ಹಾಡುತ್ತಿದ್ದರು. ಇಲ್ಲಿ ಒಬ್ಬ, ಈಜುಕೊಳದ ನೀರು ಬೆಚ್ಚಗಿದೆ, ಈಗಷ್ಟೇ ಶೇವ್ ಮಾಡಿ ಹಸುಗೂಸಿನ ಹಾಗೆ ನುಣ್ಣಗಾಗಿದ್ದೇನೆ ಅಂತ ಜಂಬ ಕೊಚ್ಚುತ್ತಾನೆ. ಪೂರ್ತಿ ಪೋಲಿ ತಮಾಷೆ. ಆದರೆ ತಮಾಷೆ ಇರುವುದು ಮಾತಿನಲ್ಲಷ್ಟೇ, ನುಡಿಸುವುದರಲ್ಲಿ ಒಂದು ಚೂರೂ ಇಲ್ಲ. ಒಂದೊಂದು ಪೆಟ್ಟನ್ನೂ ದೇವರ ಪೂಜೆಯಷ್ಟು ಶ್ರದ್ಧೆಯಿಂದ ಬಾರಿಸಿದ್ದಾರೆ. ನನಗೆ ಇದರಲ್ಲಿ ಹೊಸದು ಕಂಡಿದ್ದು ಅದೇ. ಹಳೇ ಕಾಲವನ್ನು ಅಣಕಿಸುವವರು ಸಂಗೀತವನ್ನೂ ಅಣಕಿಸುತ್ತಾರೆ, ಪೂಜಿಸುವವರಿಗೆ ನಗುವುದೇ ಗೊತ್ತಿರುವುದಿಲ್ಲ. ಇವರಿಬ್ಬರು ನಗುತ್ತಲೇ ಪೂಜೆ ಮುಗಿಸಿದರು.

ಕಾಮೆಂಟ್‌ನಲ್ಲಿ ಯಾರಾದರೂ 'ಬ್ಲರ್ಡ್ ಲೈನ್ಸ್' ಹಾಡಿನ ಕೇಸು ಎತ್ತಿಕೊಂಡು ಬರುತ್ತೀರಿ ಅಂತ ಗೊತ್ತು. ಸೋಲ್ ಗಾಯಕ ಮಾರ್ವಿನ್ ಗೇ ಅವರ 1977ರ ಹಾಡಿನಿಂದ ಎತ್ತಿದ್ದು ಅಂತ 2015ರಲ್ಲಿ ಕೋರ್ಟ್ ಜ್ಯೂರಿ ಕೋಟಿಗಟ್ಟಲೆ ಪರಿಹಾರ ಕೊಡಿಸಿತಲ್ಲ? ಹೌದು. ಬ್ರೂನೋ ಮಾರ್ಸ್ ಹಾಡಿದ್ದ 'ಅಪ್‌ಟೌನ್ ಫಂಕ್'ಗೂ ಆಮೇಲೆ ಗ್ಯಾಪ್ ಬ್ಯಾಂಡ್‌ನವರ ಹೆಸರನ್ನು ಹಾಡು ಬರೆದವರ ಪಟ್ಟಿಗೆ ಸೇರಿಸಬೇಕಾಯಿತಲ್ಲ? ಅದೂ ಹೌದು. ಕಪ್ಪು ಜನರ ಸಂಗೀತ ಮಾರಿ ದುಡ್ಡು ಮಾಡುತ್ತಾನೆ ಅಂತ ಅಮೆರಿಕದಲ್ಲೇ ಅವನ ಮೇಲೆ ಕೂಗೆದ್ದಿದೆ. ದುಡ್ಡು ಯಾರಿಗೆ ಹೋಗಬೇಕು ಅನ್ನುವುದು ನಿಜವಾದ ಪ್ರಶ್ನೆ, ಒಪ್ಪುತ್ತೇನೆ. ಆದರೆ ಅದನ್ನು ಕೇಳಬೇಕಾದ್ದು ರೆಕಾರ್ಡ್ ಕಂಪನಿಗಳನ್ನು, ಕಾಲೇಜು ಮಕ್ಕಳನ್ನಲ್ಲ. ಮತ್ತೆ, ಈ ಜೋಡಿಗೆ ಸಿಲ್ಕ್ ಸೋನಿಕ್ ಅಂತ ಹೆಸರಿಟ್ಟಿದ್ದು ಬೂಟ್ಸಿ ಕಾಲಿನ್ಸ್. 1970ರಲ್ಲಿ ಸೋಲ್ ಗಾಯಕ ಜೇಮ್ಸ್ ಬ್ರೌನ್ ಹಿಂದೆ ನಿಂತು ಬೇಸ್ ಗಿಟಾರ್ ನುಡಿಸಿದ ಆಸಾಮಿ, ಇವರ ಆಲ್ಬಂನಲ್ಲಿ ನಿರೂಪಣೆಗೂ ಬಂದು ಕೂತಿದ್ದಾರೆ. ಅವರಿಗೇ ಇಲ್ಲದ ಮುಜುಗರ ನಮ್ಮ ಜಡ್ಜ್‌ಗೆ!

ನಿಜ ಹೇಳಲಾ? ಸಿಟ್ಟಿನ ಜೊತೆ ಹೊಟ್ಟೆಕಿಚ್ಚೂ ಇದೆ. ನನ್ನ ಹಳೇ ಕೀಬೋರ್ಡ್‌ನಲ್ಲಿ ಸ್ಟ್ರಿಂಗ್ಸ್ ಅಂತ ಒಂದು ಬಟನ್ ಇತ್ತು. ಒತ್ತಿದರೆ ಪಿಟೀಲಿನ ದಂಡಿನ ಬದಲು ಸೊಳ್ಳೆ ದಂಡು ಬಂದ ಹಾಗಿರುತ್ತಿತ್ತು. ನಿಜವಾದ ಪಿಟೀಲುಗಳನ್ನು ಕೂರಿಸಿಕೊಂಡು ನಾನೇ ಕಟ್ಟಿದ ಒಂದು ಹಾಡು ನುಡಿಸಬೇಕು ಅಂತ ಆಸೆ ಇತ್ತು. ಆಗಲಿಲ್ಲ. ಆರ್ಕೆಸ್ಟ್ರಾದಲ್ಲಿ ಸ್ವಂತ ಹಾಡು ಯಾರಿಗೆ ಬೇಕು ಹೇಳಿ?

ಅದಕ್ಕೇ ನನಗೆ ಬ್ರೂನೋ ಮಾರ್ಸ್‌ಗಿಂತ ಹತ್ತಿರದವರು ಚಾರ್ಲ್ಸ್ ಬ್ರಾಡ್ಲಿ. ನಮ್ಮಲ್ಲಿ ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣು ಇರುತ್ತಾರಲ್ಲ, ಹಾಗೆ ಈ ಮನುಷ್ಯ 'ಬ್ಲ್ಯಾಕ್ ವೆಲ್ವೆಟ್' ಅನ್ನುವ ಹೆಸರಿನಲ್ಲಿ ಜೂನಿಯರ್ ಜೇಮ್ಸ್ ಬ್ರೌನ್ ಆಗಿದ್ದರು. ವಿಗ್ ಹಾಕಿಕೊಂಡು ಕ್ಲಬ್ಬುಗಳಲ್ಲಿ ಕುಣಿಯುತ್ತಿದ್ದರು. ಬಹಳ ವರ್ಷ ಅಡುಗೆ ಕೆಲಸ ಮಾಡಿದ್ದರು. ಬ್ರೂಕ್ಲಿನ್‌ನ ಡ್ಯಾಪ್‌ಟೋನ್ ಕಂಪನಿಯವರ ಕಣ್ಣಿಗೆ ಬಿದ್ದ ಮೇಲೆ, 2011ರಲ್ಲಿ, 62ನೇ ವಯಸ್ಸಿಗೆ ಮೊದಲ ಆಲ್ಬಂ ಬಂತು. ಅದೇ ಕಂಪನಿಯ ಗಾಯಕಿ ಶರಾನ್ ಜೋನ್ಸ್ ಕಥೆಯೂ ಹೆಚ್ಚುಕಡಿಮೆ ಇದೇ, ಹೆಸರು ಬರುವ ಮುಂಚೆ ಜೈಲಿನಲ್ಲಿ ಕಾವಲು ಕೆಲಸ ಮಾಡುತ್ತಿದ್ದವರು. 2016ರಲ್ಲಿ ಜೋನ್ಸ್ ಹೋದರು, ಮರುವರ್ಷ ಬ್ರಾಡ್ಲಿ. ಸಿಲ್ಕ್ ಸೋನಿಕ್ ಬರುವ ಎಷ್ಟೋ ಮುಂಚೆ, ರೇಡಿಯೊದವರು ತಿರುಗಿಯೂ ನೋಡದಿದ್ದ ಕಾಲದಲ್ಲಿ, ಈ ಸಂಗೀತದ ದೀಪಕ್ಕೆ ಎಣ್ಣೆ ಹೊಯ್ದವರು ಇವರು.

ಬ್ರಾಡ್ಲಿಯ ಆ ಮೊದಲ ಆಲ್ಬಂನಲ್ಲಿ 'ಹಾರ್ಟೇಕ್ಸ್ ಆ್ಯಂಡ್ ಪೇನ್' ಅಂತ ಒಂದು ಹಾಡಿದೆ. ಕಹಳೆ, ಗಿಟಾರ್, ಆ ಚೀರುವ ಗಂಟಲು, ಎಲ್ಲವೂ ಹಳೇ ಕಾಲದ್ದೇ. ಹಾಡಿನಲ್ಲಿರುವುದು ಅವರ ಸ್ವಂತ ಅಣ್ಣ ಗುಂಡೇಟಿಗೆ ಸತ್ತ ಬೆಳಗಿನ ಕಥೆ. ಕೇಳಿ ನೋಡಿ. ಆಮೇಲೂ ಅದನ್ನು ಕಾಪಿ ಅನ್ನುವ ಧೈರ್ಯ ಇರುವವರು ಕೆಳಗೆ ಬರೆಯಿರಿ, ರಾತ್ರಿ ಊಟ ಆದಮೇಲೆ ಒಬ್ಬೊಬ್ಬರಿಗೂ ಉತ್ತರ ಕೊಡುತ್ತೇನೆ.