ಬೇಕೆಂದೇ ಜಾರುವುದು

ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದಲ್ಲಿ ಇಪ್ಪತ್ತು ಮಳೆಗಾಲ ಗಾಡಿ ಹೊಡೆದವನಿಗೆ ಚಕ್ರ ಜಾರದಂತೆ ನೋಡಿಕೊಳ್ಳುವುದೇ ದೊಡ್ಡ ವಿದ್ಯೆ. ಕಳೆದ ಆಷಾಢದಲ್ಲಿ ಮಳೆ ಹಿಡಿದು ತೋಟಕ್ಕೆ ಇಳಿಯಲಾಗದೆ ಜಗಲಿಯಲ್ಲಿ ಕುಳಿತಿದ್ದಾಗ, ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ ಮೊಬೈಲಿನಲ್ಲಿ ಒಂದು ಕೆಂಪು ಕಾರನ್ನು ಬೇಕೆಂದೇ ಅಡ್ಡಡ್ಡ ಜಾರಿಸುತ್ತ, ಜಾರಿದ್ದಕ್ಕೆ ಅಂಕವನ್ನೂ ಗಿಟ್ಟಿಸುತ್ತಿದ್ದುದನ್ನು ಕಂಡು ಇದೆಂಥ ಅಪಚಾರವೆನಿಸಿತು. ಅರ್ಧ ಗಂಟೆಯಲ್ಲಿ ಆ ಮೊಬೈಲು ನನ್ನ ಕೈಯಲ್ಲಿತ್ತು.

ಅದು ಆಸ್ಫಾಲ್ಟ್ ಆಟ. ಅದರಲ್ಲಿ ಕಾರು ತಾನಾಗಿಯೇ ವೇಗ ಹಿಡಿಯುತ್ತದೆ. ನಮ್ಮ ಪಾಲಿಗೆ ಉಳಿಯುವುದು ತಿರುಗಿಸುವುದು, ಬ್ರೇಕು ಮತ್ತು ಕಾರನ್ನು ಕ್ಷಣಕಾಲ ಮುಂದಕ್ಕೆ ಚಿಮ್ಮಿಸುವ ನೈಟ್ರೋ. ತಿರುವಿನಲ್ಲಿ ಕಾರನ್ನು ಹೊರಳಿಸುತ್ತ ಬ್ರೇಕು ಮುಟ್ಟಿದರೆ ಹಿಂಭಾಗ ಬೀಸಿಕೊಂಡು ಡ್ರಿಫ್ಟ್ ಶುರುವಾಗುತ್ತದೆ, ಜಾರಿದಷ್ಟು ಹೊತ್ತು ನೈಟ್ರೋ ತುಂಬುತ್ತದೆ. ಘಟ್ಟದ ಅಭ್ಯಾಸದಂತೆ ನಾನು ತಿರುವು ಕಾಣುತ್ತಲೇ ಬ್ರೇಕನ್ನು ಒತ್ತಿ ಹಿಡಿದೆ. ಕಾರು ಎಡಕ್ಕೆ ಹೊರಳಬೇಕಾದ ಕಡೆ ನೆಟ್ಟಗೆ ಹೋಗಿ ಬಲಗಡೆಯ ಗೋಡೆಗೆ ಬಡಿಯಿತು. "ಬ್ರೇಕು ಹಿಡ್ಕಳಡ ಮಾವಾ, ಮುಟ್ಟಿ ಬಿಡು" ಎಂದ ಅಳಿಯ. ಅವನ ಹೆಬ್ಬೆರಳನ್ನು ಗಮನಿಸಿದೆ. ಬಿಸಿ ದೋಸೆಕಲ್ಲಿಗೆ ನೀರು ಚಿಮುಕಿಸುವವರ ಬೆರಳಿನಂತೆ ಅದು ತಾಗಿತೋ ಇಲ್ಲವೋ ಎನ್ನುವಷ್ಟರಲ್ಲಿ ಗಾಜಿನಿಂದ ಮೇಲೆದ್ದಿರುತ್ತಿತ್ತು.

ಈ ಬಗೆಯ ಆಟಗಳಲ್ಲಿ ಜಾರುವುದೊಂದು ವರ, ಕೇಳಿದರೆ ಸಿಗುತ್ತದೆ. 1993ರ ರಿಡ್ಜ್ ರೇಸರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟು, ಕಾರನ್ನು ತಿರುಗಿಸಿ, ಮತ್ತೆ ಒತ್ತಿದರೆ ಸಾಕು. ಮಾರಿಯೋ ಕಾರ್ಟ್‌ನಲ್ಲಂತೂ ಒಂದು ಸಣ್ಣ ನೆಗೆತದಿಂದಲೇ ಡ್ರಿಫ್ಟ್ ಆರಂಭ. ಜಾರುತ್ತಿದ್ದಂತೆ ಚಕ್ರದಡಿ ಮೊದಲು ನೀಲಿ, ಆಮೇಲೆ ಕಿತ್ತಳೆ ಕಿಡಿಗಳು ಹಾರುತ್ತವೆ, ಬಣ್ಣ ಬದಲಾದ ಮೇಲೆ ಗುಂಡಿ ಬಿಟ್ಟರೆ ಕಾರು ಮುಂದಕ್ಕೆ ಚಿಮ್ಮುತ್ತದೆ. ಇಷ್ಟು ಉದಾರವಾದ ಭೌತಶಾಸ್ತ್ರ ನಮ್ಮ ಘಟ್ಟಕ್ಕೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ನನ್ನ ಗರ್ವಭಂಗವಾದದ್ದು ಅಳಿಯ ತನ್ನ ಲ್ಯಾಪ್‌ಟಾಪಿನಲ್ಲಿ ನಿಜವಾದ ಕಾರಿನಂತೆಯೇ ನಡೆದುಕೊಳ್ಳುವ ಅಸೆಟ್ಟೊ ಕೊರ್ಸಾ ಎಂಬ ಆಟ ತೆರೆದು ಕೈಗೆ ಕಂಟ್ರೋಲರ್ ಕೊಟ್ಟಾಗ. ಅಲ್ಲಿ ಯಾವ ಗುಂಡಿಗೂ ಡ್ರಿಫ್ಟ್ ಎಂಬ ಹೆಸರಿಲ್ಲ. ಹಿಂದಿನ ಟೈರುಗಳ ಹಿಡಿತವನ್ನು ನಾವೇ ತಪ್ಪಿಸಬೇಕು. ಅದರ ಗುಟ್ಟು ಮಾತ್ರ ನನಗೆ ಹೊಸದಾಗಿರಲಿಲ್ಲ. ನಮ್ಮ ಮನೆಯ ಹಳೆಯ ಓಮ್ನಿಯ ಎಂಜಿನ್ನು ಮುಂದಿನ ಸೀಟಿನಡಿ ಇದ್ದು, ಓಡಿಸುವುದು ಹಿಂದಿನ ಚಕ್ರಗಳನ್ನು. ಅಡಿಕೆ ಮೂಟೆ ಇಳಿಸಿ ಬರಿದಾದ ಗಾಡಿಯನ್ನು ಮೊದಲ ಮಳೆಯ ಕೆಮ್ಮಣ್ಣಿನ ಇಳಿಜಾರಿನಲ್ಲಿ ತಿರುಗಿಸುತ್ತ ಬ್ರೇಕು ಒತ್ತಿದರೆ, ಭಾರವೆಲ್ಲ ಮುಂದಕ್ಕೆ ಸರಿದು ಹಗುರಾದ ಹಿಂಭಾಗ ತನ್ನ ಪಾಡಿಗೆ ತಾನು ಚರಂಡಿಯ ಕಡೆ ಹೊರಡುತ್ತದೆ. ನಾನು ಹೆದರಿ ದೇವರನ್ನು ನೆನೆದ ಆ ಕ್ಷಣವನ್ನೇ ಆಟದವರು ಬ್ರೇಕ್ ಡ್ರಿಫ್ಟ್ ಎಂದು ಕರೆದು ಅಭ್ಯಾಸ ಮಾಡುತ್ತಾರೆ. ಹಿಂದಿನ ಚಕ್ರಗಳನ್ನಷ್ಟೇ ಕಟ್ಟಿಹಾಕುವ ಹ್ಯಾಂಡ್ ಬ್ರೇಕನ್ನು ಒಮ್ಮೆ ಎಳೆದು ಬಿಡುವುದು ಕಲಿಯುವವರಿಗೆ ಸುಲಭದ ದಾರಿ. ಶಕ್ತಿ ಹೆಚ್ಚಿರುವ ಕಾರಾದರೆ ಕ್ಲಚ್ ತುಳಿದು, ಎಂಜಿನ್ನನ್ನು ಕೂಗಿಸಿ, ಫಕ್ಕನೆ ಕ್ಲಚ್ ಬಿಟ್ಟು ಹಿಂದಿನ ಚಕ್ರಗಳಿಗೆ ಒದೆ ಕೊಡುವುದೂ ಉಂಟು. ನನಗೆ ಎಲ್ಲಕ್ಕಿಂತ ಸೊಗಸಾಗಿ ಕಂಡದ್ದು ರ್‍ಯಾಲಿ ಚಾಲಕರಿಂದ ಬಂದ ಸ್ಕ್ಯಾಂಡಿನೇವಿಯನ್ ಫ್ಲಿಕ್. ಎಡಕ್ಕೆ ಹೋಗಬೇಕಾದವನು ಮೊದಲು ಬಲಕ್ಕೆ ಒಂದು ಹುಸಿ ತಿರುವು ಕೊಟ್ಟು, ಭಾರ ತೂಗಿ ವಾಪಸಾಗುವ ಹೊತ್ತಿಗೆ ಸರಿಯಾಗಿ ಎಡಕ್ಕೆ ಹೊರಳಿಸಿದರೆ, ಆ ತೂಗಾಟವೇ ಬಾಲವನ್ನು ಬೀಸಿಬಿಡುತ್ತದೆ.

ಇಷ್ಟೂ ಜಾರುವುದನ್ನು ಆರಂಭಿಸುವ ಬಗೆ. ಆರಂಭಿಸುವುದು ಎರಡು ಸಂಜೆಯಲ್ಲಿ ಬಂತು, ಉಳಿಸಿಕೊಳ್ಳುವುದು ಇನ್ನೂ ಪೂರ್ತಿ ಬಂದಿಲ್ಲ. ಹಿಂಭಾಗ ಬಲಕ್ಕೆ ಬೀಸಿತೆಂದರೆ ಮುಂದಿನ ಚಕ್ರಗಳೂ ಬಲಕ್ಕೇ, ಅಂದರೆ ತಿರುವಿನ ವಿರುದ್ಧ ದಿಕ್ಕಿಗೆ ನೋಡಬೇಕು. ತದಡಿಯಿಂದ ಅಘನಾಶಿನಿಗೆ ದೋಣಿಯಲ್ಲಿ ದಾಟುವಾಗ ಇದನ್ನು ಎಷ್ಟೋ ಸಲ ಕಂಡಿದ್ದೇನೆ: ಇಳಿತದ ಸೆಳೆತವಿದ್ದರೆ ದೋಣಿಯ ಮೂಗು ದಡದ ಕಡೆಗಿರುವುದಿಲ್ಲ, ಸೆಳೆತದ ಎದುರಿಗೆ ಓರೆಯಾಗಿರುತ್ತದೆ, ದೋಣಿ ಮಾತ್ರ ಅಡ್ಡಡ್ಡವಾಗಿ ದಡಕ್ಕೇ ಬರುತ್ತದೆ. ನಡೆಸುವವನ ಕಣ್ಣು ಮೂಗಿನ ಮೇಲಿರದೆ ದಡದ ಮೇಲಿರುತ್ತದೆ. ಡ್ರಿಫ್ಟಿನಲ್ಲೂ ಹಾಗೆಯೇ, ಕಾರು ಮುಖ ಮಾಡಿದತ್ತ ನೋಡಿದವನು ಅಲ್ಲಿಗೇ ಹೋಗಿ ಬಡಿಯುತ್ತಾನೆ.

ಇನ್ನು ಕಾರಿನ ಮೂಗಿಗೂ ಅದು ಸಾಗುವ ದಿಕ್ಕಿಗೂ ನಡುವಿನ ಕೋನವನ್ನು ಹಿಡಿದಿಡುವ ಕೆಲಸದಲ್ಲಿ ಸ್ಟೇರಿಂಗಿನಷ್ಟೇ ಆಕ್ಸಿಲರೇಟರಿಗೂ ಪಾಲಿದೆ. ಹೆಚ್ಚು ಒತ್ತಿದರೆ ಹಿಂಭಾಗ ಮತ್ತಷ್ಟು ಹೊರಹೋಗಿ ಕಾರು ಬುಗುರಿಯಾಗುತ್ತದೆ. ಗಾಬರಿಯಿಂದ ಪೂರ್ತಿ ಬಿಟ್ಟರೆ ಟೈರು ಥಟ್ಟನೆ ನೆಲ ಕಚ್ಚುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಕೂದಲೆಳೆಯಷ್ಟು ಹೆಚ್ಚು ಒತ್ತಿ ಕಳೆದುಕೊಂಡ ಕೋನವನ್ನು ಆಮೇಲೆ ಎಷ್ಟು ತಿರುಗಿಸಿದರೂ ಮರಳಿ ಪಡೆಯಲಾಗದು. ಆದ್ದರಿಂದ ಬೆರಳು ಎಲ್ಲಿಯೂ ನಿಲ್ಲದೆ, ಒಂದಿಷ್ಟು ಕೊಟ್ಟು ಒಂದಿಷ್ಟು ಕಸಿದುಕೊಳ್ಳುತ್ತಲೇ ಇರಬೇಕು. ಸ್ಟೇರಿಂಗ್ ಚಕ್ರವಿಟ್ಟುಕೊಂಡು ಆಡುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಾಲ ಬೀಸಿದೊಡನೆ ಹಿಡಿತ ಸಡಿಲಿಸಿ ಚಕ್ರವನ್ನು ಕೈಯೊಳಗೇ ತಿರುಗಲು ಬಿಡುತ್ತಾರಂತೆ, ಏಕೆಂದರೆ ಮುಂದಿನ ಚಕ್ರಗಳು ಕಾರು ನಿಜವಾಗಿ ಸಾಗುತ್ತಿರುವ ದಿಕ್ಕನ್ನು ತಾವೇ ಹುಡುಕಿಕೊಳ್ಳುತ್ತವೆ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯೆಂದು ಬೈಸಿಕೊಂಡು ಲೈಸೆನ್ಸು ಪಡೆದ ನನಗೆ ಇದು ಸುಲಭವಾಗಿ ಒಗ್ಗುವ ಮಾತಲ್ಲ.

ಜಪಾನಿನ ಡ್ರಿಫ್ಟ್ ಚಾಲಕ ಕೇಯಿಚಿ ತ್ಸುಚಿಯಾ ಹೆಸರು ಮಾಡಿದ್ದೂ ನಮ್ಮ ಘಟ್ಟಗಳಂಥ ಬೆಟ್ಟದ ಅಂಕುಡೊಂಕು ರಸ್ತೆಗಳಲ್ಲಿ ಜಾರಿಸುತ್ತಲೇ ಎಂದು ಅಳಿಯ ಹೇಳಿದ. ಡ್ರಿಫ್ಟ್ ಪಂದ್ಯಗಳಲ್ಲಿ ಯಾರು ಮೊದಲು ಮುಟ್ಟಿದರೆಂಬುದಕ್ಕಿಂತ ಕೋನ, ಹಾದಿ, ಸೊಗಸುಗಳಿಗೆ ಅಂಕ ಕೊಡುತ್ತಾರೆಂದು ತಿಳಿದ ಮೇಲೆ ಅದು ಓಟವೆನ್ನುವುದಕ್ಕಿಂತ ಯಕ್ಷಗಾನದ ಕುಣಿತಕ್ಕೆ ಹತ್ತಿರವೆಂದು ನನಗನ್ನಿಸಿದೆ. ಅಳಿಯ ಇದನ್ನು ಒಪ್ಪಲಿಲ್ಲ.

ಉಳಿದಿರುವುದು ಮುಗಿಸುವ ಕೆಲಸ. ತಿರುವು ಮುಗಿಯುವ ಮುನ್ನವೇ ಆಕ್ಸಿಲರೇಟರನ್ನು ಮೆಲ್ಲನೆ ಸಡಿಲಿಸುತ್ತ, ಹಿಂದಿನ ಟೈರು ಹಿಡಿತಕ್ಕೆ ಬರುವ ಹೊತ್ತಿಗೆ ಮುಂದಿನ ಚಕ್ರಗಳನ್ನೂ ನೇರ ಮಾಡಬೇಕು. ಅದರಲ್ಲಿ ಒಂದು ಗಳಿಗೆ ತಡವಾದರೆ, ಬಲಕ್ಕೆ ತಿರುಗಿಯೇ ಉಳಿದ ಚಕ್ರಗಳು ಕಾರನ್ನು ಬಲಕ್ಕೇ ಎಸೆಯುತ್ತವೆ. ಹೀಗಾಗಿ ಮೊದಲ ದಿನ ತಿರುವಿನ ನಡುವೆ ಬಲಗೋಡೆಗೆ ಬಡಿಯುತ್ತಿದ್ದ ನಾನು, ಈಗ ತಿರುವನ್ನು ಪೂರ್ತಿ ಅಡ್ಡಡ್ಡವಾಗಿ ದಾಟಿ, ಆಮೇಲೆ ಸಿಗುವ ಬಲಗೋಡೆಗೆ ಬಡಿಯುತ್ತೇನೆ. ಇವೆರಡೂ ಬೇರೆ ಬೇರೆ ಗೋಡೆಗಳೆಂದು ಅಳಿಯ ಫೋನು ಮಾಡಿದಾಗಲೆಲ್ಲ ಸಮಾಧಾನ ಹೇಳುತ್ತಾನೆ.