ಗಂಡಭೇರುಂಡ ರಷ್ಯಾದ ಹದ್ದಿನ ನಕಲಾ?

ದಸರಾ ಹತ್ತಿರ ಬಂದರೆ ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫಾರ್ವರ್ಡ್ ಓಡಾಡುತ್ತದೆ. ಒಡೆಯರ ಲಾಂಛನದ ಎರಡು ತಲೆಯ ಹಕ್ಕಿ ನಮ್ಮದಲ್ಲವಂತೆ. ರಷ್ಯಾದ ಲಾಂಛನದಲ್ಲಿರುವ ಎರಡು ತಲೆಯ ಹದ್ದನ್ನು ನೋಡಿ ಬ್ರಿಟಿಷರು ಬರೆಸಿಕೊಟ್ಟಿದ್ದಂತೆ.

ಇದು ಸುಳ್ಳು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಗೆ ಹೋದರೆ ಎತ್ತರದ ಕಂಬವೊಂದು ಕಾಣುತ್ತದೆ. ಅದರ ತುದಿಯಲ್ಲಿ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಅದೇ ಗಂಡಭೇರುಂಡ. ನಿಲ್ಲಿಸಿದ್ದು 1047ರಲ್ಲಿ, ಚಾಲುಕ್ಯರ ಕಾಲದಲ್ಲಿ. ಬ್ರಿಟಿಷರು ಆಗ ಎಲ್ಲಿದ್ದರು, ಅಲ್ವಾ? ಆಮೇಲೆ 16ನೇ ಶತಮಾನದಲ್ಲಿ ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳಲ್ಲೂ ಇದೇ ಹಕ್ಕಿ. ಅಲ್ಲಿ ಅದು ಕೊಕ್ಕಿನಲ್ಲಿ, ಉಗುರಿನಲ್ಲಿ ಆನೆಗಳನ್ನೇ ಎತ್ತಿಕೊಂಡು ಹಾರುತ್ತದೆ! ಆನೆಯನ್ನು ಕಡಲೆಕಾಯಿಯಂತೆ ಎತ್ತುವಷ್ಟು ಬಲ ಎಂದು ತೋರಿಸುವುದೇ ಚಿತ್ರದ ಅರ್ಥ.

ಫಾರ್ವರ್ಡ್‌ನಲ್ಲಿ ಚೂರು ನಿಜವೂ ಇದೆ. ನಡುವೆ ಗುರಾಣಿ, ಎರಡೂ ಬದಿಗೆ ಪ್ರಾಣಿ, ಕೆಳಗೆ ಧ್ಯೇಯವಾಕ್ಯದ ಪಟ್ಟಿ ಎಂಬ ಜೋಡಣೆ ಯುರೋಪಿನದು. ಚೌಕಟ್ಟು ಅವರದು, ಹಕ್ಕಿ ನಮ್ಮದು. ಪಕ್ಕದಲ್ಲಿ ನಿಂತಿರುವ ಪ್ರಾಣಿಯೂ ನಮ್ಮದೇ: ಸಿಂಹದ ಮೈಗೆ ಆನೆಯ ತಲೆ. ಸುಮ್ನೆ ಸಿಂಹ ಅಂದುಕೊಂಡವರೇ ಜಾಸ್ತಿ.

ಮೈಸೂರು ಅರಮನೆಯ ಹೆಬ್ಬಾಗಿಲ ಮೇಲೂ ಈ ಲಾಂಛನವಿದೆ. ಜೊತೆಗೆ ‘ನ ಬಿಭೇತಿ ಕದಾಚನ’, ಅಂದರೆ ಎಂದಿಗೂ ಹೆದರುವುದಿಲ್ಲ, ಎಂಬ ಮಾತು. ಇಂದಿನ ಕರ್ನಾಟಕದ ಲಾಂಛನದಲ್ಲಿ ಕೆಂಪು ಗುರಾಣಿಯ ಮೇಲೆ ಬಿಳಿ ಗಂಡಭೇರುಂಡ ಕೂತಿದೆ. ಮೇಲೆ ಅಶೋಕನ ಸಿಂಹಗಳು, ಕೆಳಗೆ ‘ಸತ್ಯಮೇವ ಜಯತೇ’.