ಸತ್ಯಾಂಶ: ಎಂಆರ್‌ಐ ಮಾಡಿಸಿದರೆ ಸ್ಕಿಜೋಫ್ರೇನಿಯಾ ಮೊದಲೇ ಗೊತ್ತಾಗುತ್ತದೆಯೇ?

"ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇದ್ದರೆ ಮಕ್ಕಳಿಗೆ ಈಗಲೇ ಮೆದುಳಿನ ಎಂಆರ್‌ಐ ಮಾಡಿಸಿ, ಕಾಯಿಲೆ ಮೊದಲೇ ಸಿಕ್ಕಿಬೀಳುತ್ತದೆ" ಎಂಬ ಸಂದೇಶ ಶಿರಸಿ, ಕುಮಟಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ನಿಜವಲ್ಲ. ಸ್ಕಿಜೋಫ್ರೇನಿಯಾ ಎಂದರೆ ಇಲ್ಲದ ದನಿ ಕೇಳಿಸುವ, ಅನುಮಾನ ಕಾಡುವ ಗಂಭೀರ ಮಾನಸಿಕ ಕಾಯಿಲೆ.

ಸಂಶೋಧನೆ ನಡೆದಿರುವುದು ಹೌದು. 2019ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಸ್ಕ್ಯಾನ್‌ಗಳನ್ನು ಬಳಸಿ, ಕಂಪ್ಯೂಟರ್ ಮಾದರಿಯೊಂದು ರೋಗಿಗಳನ್ನೂ ಆರೋಗ್ಯವಂತರನ್ನೂ ಶೇ. 87ರಷ್ಟು ಸರಿಯಾಗಿ ಬೇರ್ಪಡಿಸಿತು. ಆದರೆ ಆ ರೋಗಿಗಳ ಕಾಯಿಲೆ ಮೊದಲೇ ಖಚಿತವಾಗಿತ್ತು, ಎರಡೂ ಗುಂಪು ಹೆಚ್ಚುಕಡಿಮೆ ಸಮವಾಗಿದ್ದವು. ಊರಲ್ಲಿ ಹಾಗಿರುವುದಿಲ್ಲ. ಸಾವಿರ ಜನರಲ್ಲಿ ಹತ್ತು ಮಂದಿಗೆ ಕಾಯಿಲೆ ಎಂದಿಟ್ಟುಕೊಳ್ಳಿ. ಪರೀಕ್ಷೆ ನೂರಕ್ಕೆ 13 ಸಲ ತಪ್ಪಿದರೆ, ಉಳಿದ 990 ಆರೋಗ್ಯವಂತರಲ್ಲಿ ಸುಮಾರು 129 ಮಂದಿಗೆ ಸುಮ್ಮನೆ ರೋಗಿಯ ಹಣೆಪಟ್ಟಿ. ಅಷ್ಟೂ ಮಕ್ಕಳ ಓದು, ಮದುವೆ, ನೆಮ್ಮದಿಯ ಪ್ರಶ್ನೆ ಇದು.

ಈ ಕಾಯಿಲೆಯವರ ಮೆದುಳಿನಲ್ಲಿ ದ್ರವ ತುಂಬಿದ ಕುಹರಗಳು ತುಸು ದೊಡ್ಡವು, ಅದೂ ಸರಾಸರಿಯಲ್ಲಿ ಮಾತ್ರ. ಒಬ್ಬರ ಫಿಲ್ಮ್ ನೋಡಿ ಹೇಳಲಾಗದು. ಎಷ್ಟೋ ರೋಗಿಗಳ ವರದಿ 'ನಾರ್ಮಲ್' ಎಂದೇ ಬರುತ್ತದೆ. ವೈದ್ಯರು ಎಂಆರ್‌ಐ ಬರೆದುಕೊಡುವುದು ಗಡ್ಡೆ, ಸೋಂಕಿನಂಥ ಬೇರೆ ಕಾರಣ ಇಲ್ಲವೆಂದು ನೋಡಿಕೊಳ್ಳಲು.

ಬೇಗ ಗುರುತಿಸುವುದು ನಿಜಕ್ಕೂ ಮುಖ್ಯ, ಮತ್ತು ಅದು ಶುರುವಾಗುವುದು ಮನೆಯವರ ಕಣ್ಣಿನಿಂದ. ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ನಿದ್ದೆ ಕೆಡುವುದು, ಗೆಳೆಯರಿಂದ ದೂರ ಸರಿಯುವುದು, ಓದಿನಲ್ಲಿ ದಿಢೀರ್ ಹಿಂದೆ ಬೀಳುವುದು, ಎಲ್ಲರೂ ತನ್ನ ಬಗ್ಗೆಯೇ ಮಾತಾಡುತ್ತಾರೆಂಬ ಅನುಮಾನ, ಯಾರೂ ಇಲ್ಲದಾಗ ದನಿ ಕೇಳುವುದು. ಯಾವುದು ಯಾವಾಗ ಶುರುವಾಯಿತೆಂದು ದಿನಾಂಕ ಸಮೇತ ಬರೆದಿಟ್ಟು ಕಾರವಾರದ ಜಿಲ್ಲಾಸ್ಪತ್ರೆಯಲ್ಲೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲೋ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.